ಮೆದುಳಿಗೂ ಇದೆ ಇಂಟರಪ್ಟ್

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ಮಾತು: 'ಕಾನ್ಸಂಟ್ರೇಷನ್ನೇ ಆಗ್ತಿಲ್ಲ ಮಗಾ!' ಹಿರಿಯರದೂ ಒಂದೇ ಉತ್ತರ, 'ಮನಸ್ಸಿಟ್ಟು ಓದು'. ಮನಸ್ಸನ್ನು ಇಡುವುದು ಹೇಗೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೊರ್ಬೆಟ್ಟಾ ಮತ್ತು ಶುಲ್ಮನ್ ಎಂಬ ವಿಜ್ಞಾನಿಗಳು 2002ರಲ್ಲಿ ಗಮನಕ್ಕೆ ಸಂಬಂಧಿಸಿದ ಎರಡು ಜಾಲಗಳನ್ನು ವಿವರಿಸಿದರು. ಮೆದುಳಿನ ಮೇಲ್ಭಾಗದ ಜಾಲ ನಾವು ಬಯಸಿದ ಕಡೆಗೆ ಗಮನ ಹರಿಸುತ್ತದೆ. ಕೆಳಗಿನದು, ಹೆಚ್ಚಾಗಿ ಬಲಬದಿಯಲ್ಲಿರುವುದು, ಕಾವಲುಗಾರ. ಅನಿರೀಕ್ಷಿತವಾದ, ಮುಖ್ಯವೆನಿಸಿದ ಏನಾದರೂ ಎದುರಾದರೆ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಅತ್ತ ತಿರುಗಿಸುತ್ತದೆ. ಕಾಡಿನಲ್ಲಿ ಜೀವ ಉಳಿಸಿದ ಕಾವಲುಗಾರನಿಗೆ ಈಗ ವಾಟ್ಸ್‌ಆ್ಯಪ್ 'ಟಿಂಗ್' ಅಂದರೂ ಸಾಕು.

ಎಲೆಕ್ಟ್ರಾನಿಕ್ಸ್ ಓದುವ ನನಗೆ ಇದು ಥೇಟ್ ಇಂಟರಪ್ಟ್ ಅನ್ನಿಸಿತು. ಆದರೆ 8086 ಪ್ರೊಸೆಸರ್, ಎಲ್ಲಿ ನಿಲ್ಲಿಸಿದೆ ಎಂಬ ವಿಳಾಸವನ್ನು ಸ್ಟ್ಯಾಕ್‌ನಲ್ಲಿಟ್ಟು ಹೋಗಿ, ಸರಿಯಾಗಿ ಅದೇ ಜಾಗಕ್ಕೆ ಮರಳುತ್ತದೆ. ನಮಗೆ ಆ ಭಾಗ್ಯವಿಲ್ಲ. ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಲೆಕ್ಕದ ನಡುವೆ ಮೆಸೇಜ್ ನೋಡಿ ಬಂದರೆ ಬಿಟ್ಟ ಸಾಲು ಸಿಗುತ್ತದೆ, ಯೋಚನೆಯ ಎಳೆ ಸಿಗುವುದಿಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದಿಷ್ಟು ಪಾಲು ಹಿಂದಿನದರಲ್ಲೇ ಉಳಿಯುತ್ತದಂತೆ. ಸೋಫಿ ಲೆರಾಯ್ 2009ರಲ್ಲಿ ಇದನ್ನು 'ಅಟೆನ್ಷನ್ ರೆಸಿಡ್ಯೂ' ಎಂದು ಕರೆದರು.

ಸರಿ, ಫೋನ್ ಆಫ್ ಮಾಡಿದೆವು. ಆಗಲೂ ಮನಸ್ಸು ಅಲೆಯುತ್ತದಲ್ಲ? ಅದಕ್ಕೆ ಬೇರೆಯದೇ ಜಾಲವಿದೆ. ಅದೇ ವಿಶ್ವವಿದ್ಯಾಲಯದ ಮಾರ್ಕಸ್ ರೈಕಲ್ ತಂಡ 2001ರಲ್ಲಿ 'ಡೀಫಾಲ್ಟ್ ಮೋಡ್' ಎಂಬ ಹೆಸರು ಕೊಟ್ಟಿತು. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮೆದುಳು ಶೇ 20ರಷ್ಟು ಶಕ್ತಿ ಬಳಸುತ್ತದೆ. ಸುಮ್ಮನೆ ಕೂತರೂ ಆ ಖರ್ಚು ಅಷ್ಟೇನೂ ಇಳಿಯದು. ಕೆಲಸವಿಲ್ಲದಾಗ ಈ ಜಾಲ ಚುರುಕಾಗಿ ಹಳೆಯದನ್ನು ನೆನೆಯುತ್ತದೆ, ಮುಂದಿನದನ್ನು ಕಲ್ಪಿಸುತ್ತದೆ. ನಮ್ಮ ವಯಸ್ಸಿನಲ್ಲಿ ಆ 'ಮುಂದಿನದು' ಏನೆಂದು ಹೇಳಬೇಕೇ? ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್, ಎಜುಕೇಷನ್ ಲೋನ್. ಇದನ್ನು ಸೋಮಾರಿತನ ಎನ್ನುವವರ ಜೊತೆ ನನಗೆ ಜಗಳವಿದೆ. ಕೆಲಸ ಸಿಗುತ್ತದೋ ಇಲ್ಲವೋ ಎಂಬ ಭಯವೇ, ಕೆಲಸ ಕೊಡಿಸಬೇಕಾದ ಓದನ್ನು ತಿನ್ನುತ್ತಿರುತ್ತದೆ.

ಸೈಲೆಂಟ್ ಮಾಡಿ ಮಗುಚಿಟ್ಟ ಫೋನ್ ಕೂಡ ಮೇಜಿನ ಮೇಲಿದ್ದರೆ ಗಮನ ಕದಿಯುತ್ತದೆ ಎಂದು 2017ರ ಒಂದು ಅಧ್ಯಯನ ಹೇಳಿತ್ತು. ನಂತರದ ಕೆಲವು ಪ್ರಯೋಗಗಳಲ್ಲಿ ಹಾಗೇನೂ ಕಾಣಲಿಲ್ಲ, ಆದ್ದರಿಂದ ಅದು ವೇದವಾಕ್ಯವಲ್ಲ. ಆದರೂ ನಮ್ಮ ರೂಮಿನ ಮೂವರ ಫೋನ್‌ಗಳು ರಾತ್ರಿ ಎಂಟರಿಂದ ಹತ್ತರವರೆಗೆ ಪಕ್ಕದ ರೂಮಿನಲ್ಲಿರುತ್ತವೆ. ಡೀಫಾಲ್ಟ್ ಮೋಡ್‌ಗೆ ಒಂದು ಹಳೇ ನೋಟ್‌ಬುಕ್ ಇಟ್ಟಿದ್ದೇನೆ. ಓದುವಾಗ ಲೋನ್ ನೆನಪಾದರೆ 'ಲೋನ್, ಹತ್ತು ಗಂಟೆಗೆ' ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತೇನೆ.