ಚಾಳೀಸು ಬಂತೇ? ಬೇಸರ ಬೇಡ

ನಲವತ್ತು ದಾಟುತ್ತಿದ್ದಂತೆ ದೇಹ ಒಂದೊಂದಾಗಿ ತಕರಾರು ತೆಗೆಯತೊಡಗುತ್ತದೆ. ಎದ್ದು ನಿಂತರೆ ಮೊಣಕಾಲು ಕಟಕಟ ಎನ್ನುತ್ತದೆ. ರಾತ್ರಿ ಮಲಗಿದಾಗ ಮೀನಖಂಡ ಹಿಡಿದುಕೊಳ್ಳುತ್ತದೆ. ಚಳಿಗಾಲದಲ್ಲಿ ಕಾಲು ತುರಿಸುತ್ತವೆ. ಇವು ದವಾಖಾನೆಗೆ ಓಡಬೇಕಾದ ರೋಗಗಳಲ್ಲ. ಹಾಗೆಂದು ಸುಮ್ಮನಿರಲೂ ಬಿಡುವುದಿಲ್ಲ. ಇವೆಲ್ಲವುಗಳ ಹಿರಿಯಣ್ಣನೆಂದರೆ ಚಾಳೀಸು.

ಚಾಳೀಸು ಎಂದರೆ ನಲವತ್ತು. ಆ ವಯಸ್ಸಿನ ಆಸುಪಾಸಿನಲ್ಲಿ ಬರುವುದರಿಂದ ನಮ್ಮ ಕಡೆ ಅದಕ್ಕೆ ಈ ಹೆಸರು. ಪೇಪರನ್ನು ದೂರ ಹಿಡಿದರೆ ಅಕ್ಷರ ಕಾಣುತ್ತವೆ, ಹತ್ತಿರ ತಂದರೆ ಮಸುಕು. ಸಂಜೆಯಾದರೆ ತ್ರಾಸು ಇನ್ನೂ ಹೆಚ್ಚು.

ಕಣ್ಣಿನೊಳಗೊಂದು ಪಾರದರ್ಶಕ ಮಸೂರವಿದೆ. ಹತ್ತಿರದ ವಸ್ತುವನ್ನು ನೋಡುವಾಗ ಅದರ ಸುತ್ತಲಿನ ಸಣ್ಣ ಸ್ನಾಯು ಬಿಗಿಯುತ್ತದೆ, ಮಸೂರ ಉಬ್ಬುತ್ತದೆ, ಬಿಂಬ ಸ್ಪಷ್ಟವಾಗುತ್ತದೆ. ಆದರೆ ಈ ಮಸೂರಕ್ಕೊಂದು ವಿಚಿತ್ರ ಗುಣವಿದೆ. ಚರ್ಮದಂತೆ ಇದು ಹಳೆಯ ಪದರನ್ನು ಉದುರಿಸುವುದಿಲ್ಲ. ಉಳ್ಳಾಗಡ್ಡಿಯಂತೆ ಪದರಿನ ಮೇಲೆ ಪದರು ಬೆಳೆಯುತ್ತಲೇ ಇರುತ್ತದೆ. ಒಳಗಿನದು ಗಟ್ಟಿಯಾಗುತ್ತಾ ಹೋಗುತ್ತದೆ. ಗಟ್ಟಿಯಾದ ಮಸೂರ ಉಬ್ಬುವುದಾದರೂ ಹೇಗೆ? ಹತ್ತು ವರ್ಷದ ಹುಡುಗ ಪುಸ್ತಕವನ್ನು ಕಣ್ಣಿನಿಂದ ಏಳೆಂಟು ಸೆಂಟಿಮೀಟರಿಗೆ ತಂದರೂ ಓದಬಲ್ಲ. ನಲವತ್ತಕ್ಕೆ ಆ ಅಂತರ ಇಪ್ಪತ್ತು-ಇಪ್ಪತ್ತೈದು ಸೆಂಟಿಮೀಟರಾಗುತ್ತದೆ. ಅರವತ್ತಕ್ಕೆ ಮೀಟರಿನ ಹತ್ತಿರ ಹೋಗುತ್ತದೆ.

ಆದ್ದರಿಂದ ಇದು ರೋಗವಲ್ಲ. ಗಜ್ಜರಿ ತಿಂದರೆ, ಕಣ್ಣಿನ ವ್ಯಾಯಾಮ ಮಾಡಿದರೆ ಹೋಗುವುದೂ ಅಲ್ಲ. "ಚಾಳೀಸು ಹಾಕಿದರೆ ನಂಬರು ಏರುತ್ತದೆ" ಎಂಬ ಮಾತೂ ಸುಳ್ಳು. ಹಾಕಿದರೂ ಬಿಟ್ಟರೂ ಅರವತ್ತರವರೆಗೆ ನಂಬರು ಸ್ವಲ್ಪ ಸ್ವಲ್ಪ ಏರುವುದೇ.

ಓದು ಬಾರದವರಿಗೆ ಚಾಳೀಸು ಬೇಡ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. "ನಾನೇನ ಓದಾಕಿ ಅದೀನೇನ್ರಿ ಸಾಹೇಬ್ರ?" ಎಂದು ಹಳ್ಳಿಯಿಂದ ಬಂದ ತಾಯಂದಿರು ಕೇಳುತ್ತಾರೆ. ಓದುವುದಿಲ್ಲ, ನಿಜ. ಆದರೆ ಜೋಳ ಹಸನು ಮಾಡುವವರು ಯಾರು? ಹರಿದ ಅಂಗಿಗೆ ಗುಂಡಿ ಹಚ್ಚುವವರು, ಔಷಧದ ಹನಿ ಎಣಿಸುವವರು ಯಾರು? ಅನ್ನದಲ್ಲಿ ಹರಳು ಬಂತೆಂದು ಮನೆಯಲ್ಲಿ ಸಿಡಿಮಿಡಿ ನಡೆದಿರುತ್ತದೆ, ಅತ್ತೆಗೆ ವಯಸ್ಸಾಯಿತೆಂದು ಸೊಸೆ ಮೊರ ಕಸಿದುಕೊಂಡಿರುತ್ತಾಳೆ. ಬೇಕಾಗಿದ್ದುದು ಒಂದು ಕನ್ನಡಕ ಮಾತ್ರ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ ಕೂಲಿಕಾರರ ಮೇಲೆ ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಕನ್ನಡಕ ಕೊಟ್ಟವರ ಎಲೆ ಕೊಯ್ಲು, ಕೊಡದವರದಕ್ಕೆ ಹೋಲಿಸಿದರೆ ಶೇಕಡಾ 21ಕ್ಕೂ ಮಿಕ್ಕಿ ಹೆಚ್ಚಿತ್ತು. ಅವರಲ್ಲಿ ಬಹುಪಾಲು ಹೆಂಗಸರು. ನಮ್ಮ ಎರೆಭೂಮಿಯಲ್ಲಿ ಹತ್ತಿ ಬಿಡಿಸುವವರ ಕಣ್ಣು ಬೇರೆಯೇನಲ್ಲ.

ಸಂತೆಯಲ್ಲಿ, ಸವದತ್ತಿ ಎಲ್ಲಮ್ಮನ ಜಾತ್ರೆಯಲ್ಲಿ ಕೊಂಡ ಸಿದ್ಧ ಕನ್ನಡಕ ನಡೆಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ಎರಡೂ ಕಣ್ಣಿನ ನಂಬರು ಒಂದೇ ಇದ್ದರೆ ಅದರಿಂದ ಹಾನಿಯೇನೂ ಇಲ್ಲ. ನನ್ನ ಚಿಂತೆ ಕನ್ನಡಕದ್ದಲ್ಲ, ಕಣ್ಣನ್ನು ಯಾರೂ ನೋಡಲಿಲ್ಲವಲ್ಲ ಎಂಬುದು. ಗ್ಲಾಕೋಮಾ ಎಂಬ ಕಾಯಿಲೆ ನೋವಿಲ್ಲದೆ, ಸದ್ದಿಲ್ಲದೆ ದೃಷ್ಟಿಯನ್ನು ಅಂಚಿನಿಂದ ಕದಿಯುತ್ತಾ ಬರುತ್ತದೆ. ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಮೊದಲ ಚಾಳೀಸು ಬಂದಾಗಲೇ ನೇತ್ರತಜ್ಞರಿಂದ ಕಣ್ಣಿನ ಒತ್ತಡ ಅಳೆಸಿ, ಒಳಗಿನ ನರ ಪರೀಕ್ಷಿಸಿಕೊಂಡರೆ ಇದು ವೇಳೆಗೆ ಸರಿಯಾಗಿ ಸಿಕ್ಕಿಬೀಳುತ್ತದೆ. ಮನೆತನದಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರಂತೂ ತಪ್ಪಿಸಲೇಬಾರದು. ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಕಡ್ಡಾಯ. ತಿಂಗಳೊಪ್ಪತ್ತಿನಲ್ಲಿ ನಂಬರು ಹೆಚ್ಚುಕಡಿಮೆ ಆಗುತ್ತಿದ್ದರೆ ಮೊದಲು ರಕ್ತದ ಸಕ್ಕರೆ ನೋಡಿಸಿರಿ.

ಕೆಲವು ಮನೆಗಳಲ್ಲಿ ಎಪ್ಪತ್ತರ ಅಜ್ಜ ಒಮ್ಮೆಲೇ ಕನ್ನಡಕ ತೆಗೆದಿಟ್ಟು ಪೇಪರ್ ಓದತೊಡಗುತ್ತಾರೆ. ಮನೆಮಂದಿಗೆಲ್ಲ ಸಂಭ್ರಮ! ಆದರೆ ಇದು ಬಹುತೇಕ ಮೋತಿಬಿಂದುವಿನ ಆರಂಭ. ಮಸೂರದ ನಡುಭಾಗ ದಟ್ಟವಾಗಿ ಅದರ ಶಕ್ತಿ ಬದಲಾಗಿರುತ್ತದೆ. ಹತ್ತಿರದ್ದು ಕಂಡರೆ ದೂರದ್ದು ಮಂಜಾಗಿರುತ್ತದೆ. ಗಾಬರಿ ಬೇಡ, ಶಸ್ತ್ರಚಿಕಿತ್ಸೆಯಿಂದ ಇದು ಸರಿಹೋಗುತ್ತದೆ.

ಗಾಬರಿಪಡಬೇಕಾದದ್ದು ಬೇರೆ. ಒಂದು ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ "ಪಿತ್ತ ಕೆರಳಿದೆ" ಎಂದು ಲಿಂಬೆ ಶರಬತ್ತು ಕುಡಿದು ಮಲಗಬೇಡಿರಿ. ಕಣ್ಣಿನ ಒತ್ತಡ ಒಮ್ಮೆಲೇ ಏರಿರಬಹುದು. ಕಣ್ಣೆದುರು ಮಿಂಚಿದಂತಾಗಿ, ಕರಿ ಚುಕ್ಕಿಗಳ ಮಳೆ ಸುರಿದು, ಪರದೆ ಇಳಿದಂತೆ ಅನಿಸಿದರೆ ಒಳಪದರು ಕಳಚುತ್ತಿರಬಹುದು. ಎರಡಕ್ಕೂ ಅದೇ ದಿನ ಬೆಳಗಾವಿಯನ್ನೋ ಹುಬ್ಬಳ್ಳಿಯನ್ನೋ ಮುಟ್ಟಬೇಕು. ವರ್ಷಗಳಿಂದ ಇರುವ ಒಂದೆರಡು ತೇಲುವ ಚುಕ್ಕಿಗಳ ಮಾತು ಬೇರೆ, ಅವು ನಿರಪಾಯ. ಧೂಳಿಗೆ ಕಣ್ಣು ಉರಿದಾಗ ಅಂಗಡಿಯಿಂದ ಸ್ಟಿರಾಯ್ಡ್ ಹನಿ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವುದೂ ಒತ್ತಡ ಏರಲು ದಾರಿ.

ಇನ್ನುಳಿದ ತಕರಾರುಗಳಿಗೆ ಹೆಚ್ಚು ಮಾತು ಬೇಡ. ನೋವು, ಬಾವು ಇಲ್ಲದ ಕಟಕಟ ಸದ್ದಿಗೆ ಔಷಧವೇ ಬೇಡ. ಮೀನಖಂಡ ಹಿಡಿದಾಗ ಕಾಲು ನೀಡಿ, ಪಾದದ ಬೆರಳುಗಳನ್ನು ನಿಮ್ಮತ್ತ ಎಳೆಯಿರಿ. ಕಾಲಿನ ತುರಿಕೆಗೆ ಸುಡುನೀರು, ಅತಿ ಸಾಬೂನು ಬಿಟ್ಟು, ಜಳಕವಾದೊಡನೆ ಹಸಿ ಮೈಗೆ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಗಾದರಿ ಏಳದೆಯೂ ಮೈಯೆಲ್ಲ ತುರಿಕೆ ವಾರಗಟ್ಟಲೆ ಉಳಿದರೆ ಮಾತ್ರ ಸಕ್ಕರೆ, ಮೂತ್ರಪಿಂಡ, ಯಕೃತ್ತಿನ ಪರೀಕ್ಷೆ ಬೇಕು.

ಹೊಸದಾಗಿ ಬೈಫೋಕಲ್ ಹಾಕಿದವರಿಗೆ ಒಂದು ಮಾತು. ಅದರ ಕೆಳಭಾಗ ಓದಲು ಇರುವಂಥದು. ಅದರಿಂದ ನೋಡುತ್ತ ಮೆಟ್ಟಿಲಿಳಿದರೆ ಮೆಟ್ಟಿಲು ಮಂಜಾಗಿ ಕಂಡು ಕಾಲು ತಪ್ಪುತ್ತದೆ. ಇಳಿಯುವಾಗ ಗದ್ದ ಎದೆಗೆ ತಂದು ಮೇಲಿನ ಭಾಗದಿಂದಲೇ ನೋಡಿರಿ, ಕಠಡಾ ಹಿಡಿದುಕೊಳ್ಳಿರಿ.