ಕುಗ್ಗದ ಸ್ವರಗಳು: ಕೊರಿಯನ್ ಕಲಿಕಾರ್ಥಿಗಳ ಇಂಗ್ಲಿಷ್ ಉಚ್ಚಾರಣೆ

ಇಂಗ್ಲಿಷಿನಲ್ಲಿ ಆಘಾತ ಬಿದ್ದ ಸ್ವರವು ಸಾಮಾನ್ಯವಾಗಿ ನೆರೆಯ ಸ್ವರಗಳಿಗಿಂತ ಏರಿದ ಶ್ರುತಿಯನ್ನೂ ಹೆಚ್ಚಿನ ತೀವ್ರತೆಯನ್ನೂ ದೀರ್ಘತರ ಅವಧಿಯನ್ನೂ ಪಡೆಯುತ್ತದೆ. ಆಘಾತರಹಿತ ಸ್ವರವು ಇವನ್ನು ಕಳೆದುಕೊಳ್ಳುವುದಲ್ಲದೆ, ಬಹುಮಟ್ಟಿಗೆ ತನ್ನ ಗುಣವನ್ನೇ ತೊರೆದು ‘ಶ್ವಾ’ ಎಂಬ ನಡುಸ್ವರವಾಗಿ ಕುಗ್ಗುತ್ತದೆ. ‘ಫೋಟೊಗ್ರಾಫ್’ ಪದದ ಮೊದಲ ಸ್ವರ ಪೂರ್ಣರೂಪದ್ದು. ‘ಫೊಟಾಗ್ರಫಿ’ಯಲ್ಲಿ ಆಘಾತವು ಎರಡನೆಯ ಅಕ್ಷರಕ್ಕೆ ಸರಿದೊಡನೆ ಅದೇ ಸ್ವರ ಶ್ವಾ ಆಗುತ್ತದೆ. ಬರಹದಲ್ಲಿ ಮಾತ್ರ ಎರಡೂ ಕಡೆ ಒಂದೇ ಲಿಪಿಚಿಹ್ನೆ.

ಸೋಲ್ ನಗರದ ಪ್ರಮಾಣ ಕೊರಿಯನ್ನಿನಲ್ಲಿ ಅರ್ಥಭೇದಕವಾದ ಪದಾಘಾತವಿಲ್ಲ. ಅಲ್ಲಿ ಶ್ರುತಿಯ ಏರಿಳಿತವು ಪದಗುಚ್ಛಕ್ಕೆ ಸೇರಿದ್ದು. ಗುಚ್ಛದ ಮೊದಲ ವ್ಯಂಜನಕ್ಕನುಗುಣವಾಗಿ ಅದು ಎತ್ತರದಲ್ಲೋ ತಗ್ಗಿನಲ್ಲೋ ಆರಂಭವಾಗುತ್ತದೆ. (ಆಗ್ನೇಯದ ಕ್ಯೊಂಗ್‌ಸಾಂಗ್ ಉಪಭಾಷೆಯಲ್ಲಿ ಶ್ರುತಿ ಪದಭೇದಕವಾದುದರಿಂದ ಅದನ್ನು ಇಲ್ಲಿ ಸೇರಿಸಿಲ್ಲ.) ಎಂದರೆ ಶ್ರುತಿಯನ್ನು ಏರಿಳಿಸುವ ಅಭ್ಯಾಸ ಕಲಿಕಾರ್ಥಿಗೆ ಉಂಟು, ಸ್ವರವನ್ನು ಕುಗ್ಗಿಸುವ ಅಭ್ಯಾಸ ಇಲ್ಲ.

2006ರಲ್ಲಿ ಲೀ, ಗಿಯಾನ್ ಮತ್ತು ಹರಾದ ಪ್ರಕಟಿಸಿದ ಧ್ವನಿಮಾಪನ ಅಧ್ಯಯನ ಇದನ್ನೇ ಸೂಚಿಸುತ್ತದೆ. ಕೊರಿಯನ್ ಭಾಷಿಕರ ಶ್ರುತಿಭೇದ ಇಂಗ್ಲಿಷ್ ಭಾಷಿಕರದಕ್ಕೆ ಸಮೀಪವಾಗಿದ್ದರೂ ಅವಧಿಯ ಅಂತರ ಕಡಿಮೆಯಿತ್ತು. ಹ್ರಸ್ವದೀರ್ಘ ಭೇದವುಳ್ಳ ಜಪಾನೀ ಭಾಷಿಕರು ಅವಧಿಯಲ್ಲಿ ಮುಂದಿದ್ದರು. ಕನ್ನಡದಲ್ಲಿಯೂ ಆ ಭೇದ ಜೀವಂತವಾದುದರಿಂದ, ನಮ್ಮ ಕಲಿಕಾರ್ಥಿಗಳ ತೊಡಕು ಅವಧಿಗಿಂತ ಸ್ವರಗುಣದಲ್ಲಿ ಹೆಚ್ಚಿರಬಹುದೆಂಬುದು ನನ್ನ ಊಹೆ, ಅಳೆದೇ ತಿಳಿಯಬೇಕು.

ಸ್ವರಗುಣದ ವಿಷಯದಲ್ಲಿ ಕೊರಿಯನ್ನರನ್ನು ಬರಹವೇ ದಾರಿ ತಪ್ಪಿಸುತ್ತದೆ. ‘ಬನಾನ’ ಪದದ ಮೊದಲ ಮತ್ತು ಕೊನೆಯ ಸ್ವರಗಳು ಇಂಗ್ಲಿಷಿನಲ್ಲಿ ಶ್ವಾ. ಕೊರಿಯನ್ ಎರವಲಿನಲ್ಲಿ ಮೂರೂ ಒಂದೇ ಬಗೆಯ ಪೂರ್ಣ ಆಕಾರ. ‘ಲೆಮನ್’ ಅಲ್ಲಿ ‘ಲೆಮೊನ್’. 1986ರ ಎರವಲು ಬರಹ ನಿಯಮವು ಶ್ವಾ ಧ್ವನಿಗೂ ‘ಕಟ್’ ಪದದ ಪೂರ್ಣಸ್ವರಕ್ಕೂ ಒಂದೇ ಹಂಗುಲ್ ಚಿಹ್ನೆಯನ್ನು ವಿಧಿಸಿದೆ. ಹಾಗಾಗಿ ‘ಅಬವ್’ ಪದದ ಆಘಾತರಹಿತ ಮೊದಲ ಸ್ವರವೂ ಆಘಾತಯುತ ಎರಡನೆಯ ಸ್ವರವೂ ಕಾಗದದ ಮೇಲೆ ಅಭಿನ್ನ.

ಇದು ಕೇವಲ ಸೊಗಸಿನ ಪ್ರಶ್ನೆಯಲ್ಲ. ಇಂಗ್ಲಿಷ್ ಕೇಳುಗರು ಪೂರ್ಣಸ್ವರವುಳ್ಳ ಅಕ್ಷರದಲ್ಲಿ ಹೊಸ ಪದದ ಆರಂಭವನ್ನು ನಿರೀಕ್ಷಿಸುತ್ತಾರೆಂದು ಕಟ್ಲರ್ ಮತ್ತು ನಾರಿಸ್ 1988ರಲ್ಲಿ ವಾದಿಸಿದರು. ಎಲ್ಲ ಸ್ವರಗಳೂ ಪೂರ್ಣವಾದರೆ ಇಲ್ಲದ ಪದಸೀಮೆಗಳು ಕೇಳುಗನಿಗೆ ಕಂಡಾವು. ‘ಒತ್ತಿ ಹೇಳು’ ಎಂಬ ತರಗತಿಯ ರೂಢಿಮಾತಿನಿಂದ ಇಲ್ಲಿ ಲಾಭ ಅಲ್ಪ; ಕಲಿಕಾರ್ಥಿ ಶ್ರುತಿಯನ್ನು ಮತ್ತಷ್ಟು ಏರಿಸುತ್ತಾನೆ, ಅದು ಅವನಿಗೆ ಮೊದಲೇ ಬರುತ್ತದೆ. ‘ಬನಾನ’ವನ್ನು ಕಲಿಸುವಾಗ ನಡುವಣ ಸ್ವರವನ್ನು ಬಿಟ್ಟು, ಅದರ ಇಕ್ಕೆಲದ ಸ್ವರಗಳನ್ನು ಮೊಟಕುಗೊಳಿಸುವ ಅಭ್ಯಾಸದಿಂದ ತೊಡಗುವುದು ಲೇಸು.