ನೀರು ಜಾರದ ಕಡಲ ತಗ್ಗು

ಬೆಂಗಳೂರಿನ ಒಂದು ವಿಜ್ಞಾನ ಪ್ರದರ್ಶನದಲ್ಲಿ ಆ ಗೋಳ ಮೇಜಿನ ಮೂಲೆಯಲ್ಲಿ ಕೂತಿತ್ತು. ತ್ರೀಡಿ ಪ್ರಿಂಟರಿನಲ್ಲಿ ತಯಾರಾದದ್ದು, ಸವರಿದರೆ ಸಣ್ಣ ಸಣ್ಣ ಗೆರೆಗಳು ಬೆರಳಿಗೆ ತಾಗುತ್ತಿದ್ದವು. ಮೈಯೆಲ್ಲ ಉಬ್ಬುತಗ್ಗು. ಶ್ರೀಲಂಕಾದ ದಕ್ಷಿಣಕ್ಕೆ ಕಡುನೀಲಿ ಬಳಿದ ಒಂದು ತಗ್ಗು, ಹೆಬ್ಬೆರಳು ಸಲೀಸಾಗಿ ಕೂರುವಷ್ಟು ದೊಡ್ಡದು. ಇಂಥ ಮಾದರಿಗಳಲ್ಲಿ ಏರಿಳಿತವನ್ನು ಸಾವಿರಾರು ಪಟ್ಟು ಹಿಗ್ಗಿಸಿರುತ್ತಾರೆ, ಸರಿ. ಆದರೆ ತಗ್ಗು ಇರುವುದು ನಿಜ. ಭೂಮಿಗೆ ಗಣಿತಜ್ಞರು ಹೊಂದಿಸಿರುವ, ಧ್ರುವಗಳಲ್ಲಿ ತುಸು ಚಪ್ಪಟೆಯಾದ ನಯವಾದ ಗೋಳಾಕಾರಕ್ಕೆ ಹೋಲಿಸಿದರೆ ಅಲ್ಲಿ ಕಡಲಿನ ಮಟ್ಟ ಸುಮಾರು 106 ಮೀಟರ್ ಕೆಳಗಿದೆ. ಇಷ್ಟು ಆಳದ ತಗ್ಗು ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ.

ಪಕ್ಕದಲ್ಲಿದ್ದ ಶಾಲಾ ಹುಡುಗಿಯೊಬ್ಬಳು ಮೇಜಿನ ಹಿಂದಿದ್ದ ವಿದ್ಯಾರ್ಥಿನಿಯನ್ನು ಕೇಳಿದಳು: ‘ಅಕ್ಕಾ, ಹಂಗಾದ್ರೆ ಸುತ್ತಲಿನ ನೀರೆಲ್ಲ ಅಲ್ಲಿಗೇ ಹರಿದು ಬರಲ್ವಾ? ಹಡಗು ಜಾರಲ್ವಾ?’

‘ಇಲ್ಲ ಪುಟ್ಟಾ. ಹಡಗಲ್ಲಿ ರಸಮಟ್ಟ ಇಟ್ಟು ನೋಡು, ಗುಳ್ಳೆ ನಡುಮಧ್ಯಕ್ಕೇ ನಿಂತಿರುತ್ತೆ.’

ಎಷ್ಟು ಚೆಂದದ ಉತ್ತರ! ಬಲಕ್ಕೂ ಪ್ರಚ್ಛನ್ನ ಶಕ್ತಿಗೂ ಇರುವ ನಂಟನ್ನು ಪಿಯುಸಿಯಲ್ಲಿ ಎಲ್ಲರೂ ಸೂತ್ರವಾಗಿ ಬರೆದಿದ್ದೇವೆ. ಆ ಸೂತ್ರ ಇಡೀ ಒಂದು ಸಾಗರದ ಗಾತ್ರದಲ್ಲಿ ಕಣ್ಣೆದುರು ನಿಂತದ್ದನ್ನು ನಾನು ನೋಡಿದ್ದು ಅಂದೇ.

ಬಲ ಅಂದರೆ ಪ್ರಚ್ಛನ್ನ ಶಕ್ತಿಯ ಇಳಿಜಾರು. ಶಕ್ತಿ ಎತ್ತ ಕಡಿದಾಗಿ ಇಳಿಯುತ್ತದೋ ಅತ್ತ ಬಲ ಎಳೆಯುತ್ತದೆ. ಸೂತ್ರದಲ್ಲಿರುವ ಮೈನಸ್ ಚಿಹ್ನೆ ಹೇಳುವುದು ಇದನ್ನೇ. ಶಕ್ತಿ ಎಲ್ಲೆಡೆ ಒಂದೇ ಆಗಿರುವ ಮೇಲ್ಮೈ ಮೇಲೆ ಇಳಿಜಾರೇ ಇಲ್ಲ, ಹಾಗಾಗಿ ಅದರ ಉದ್ದಗಲಕ್ಕೂ ಯಾವ ವಸ್ತುವನ್ನೂ ಪಕ್ಕಕ್ಕೆ ಎಳೆಯುವ ಬಲವೂ ಇಲ್ಲ. ಅಲೆ, ಗಾಳಿ, ಉಬ್ಬರವಿಳಿತ ಎಲ್ಲ ಕಳೆದರೆ ಕಡಲು ನಿಲ್ಲುವುದು ಇಂಥ ಮೇಲ್ಮೈಯಲ್ಲೇ. ಅದಕ್ಕೆ ಜಿಯಾಯ್ಡ್ ಎಂದು 1873ರಲ್ಲಿ ಹೆಸರಿಟ್ಟವರು ಜರ್ಮನಿಯ ಲಿಸ್ಟಿಂಗ್. ಗಾರೆ ಕೆಲಸದವರು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ಗೋಡೆಗಳ ಮಟ್ಟ ನೋಡುತ್ತಾರಲ್ಲ, ಅವರು ಗುರುತು ಹಾಕುವುದೂ ಸಮಾನ ಶಕ್ತಿಯ ಎರಡು ಬಿಂದುಗಳನ್ನೇ. ಅಂಥದೊಂದು ಪೈಪನ್ನು ಕನ್ಯಾಕುಮಾರಿಯಿಂದ ಆ ತಗ್ಗಿನವರೆಗೆ ಎಳೆಯಲು ಸಾಧ್ಯವಾಗಿದ್ದರೆ ಎರಡೂ ತುದಿಯಲ್ಲಿ ನೀರು ಕಡಲಿನ ಮಟ್ಟಕ್ಕೇ ನಿಲ್ಲುತ್ತಿತ್ತು.

ಹಾಗಾದರೆ ಅಲ್ಲಿ ಕಡಲು ತಗ್ಗಿರುವುದೇಕೆ? ಆ ಜಾಗದ ಕೆಳಗೆ, ಬಲು ಆಳದಲ್ಲಿ, ದ್ರವ್ಯ ಕಡಿಮೆ. ಭೂಮಿಯ ಎಳೆತವನ್ನು ಪ್ರಚ್ಛನ್ನ ಶಕ್ತಿಯ ಒಂದು ಬಾವಿ ಎಂದುಕೊಂಡರೆ, ದ್ರವ್ಯ ಕಡಿಮೆ ಇದ್ದಲ್ಲಿ ಆ ಬಾವಿಯ ಆಳವೂ ಕಡಿಮೆ. ಕಡಲು ಆ ನಯವಾದ ಆಕಾರದ ಮಟ್ಟದಲ್ಲೇ ನಿಂತಿತ್ತು ಎಂದುಕೊಳ್ಳಿ. ತಗ್ಗಿನ ನಡುವಿನ ಪ್ರತಿ ಕಿಲೋ ನೀರಿನಲ್ಲೂ ಸುಮಾರು ಸಾವಿರ ಜೂಲ್ ಪ್ರಚ್ಛನ್ನ ಶಕ್ತಿ ಹೆಚ್ಚಿಗೆ ಇರುತ್ತಿತ್ತು. ಅಂದರೆ ಶಕ್ತಿಯ ಲೆಕ್ಕದಲ್ಲಿ ಅದೊಂದು ದಿಬ್ಬ! ನೀರು ಅಲ್ಲಿಂದ ಹೊರಕ್ಕೆ ಹರಿದು, ಮಟ್ಟ ಇಳಿದು, ಲೆಕ್ಕ ಸಮವಾದ ಮೇಲೆ ನಿಂತಿದೆ. ಗೋಳದ ಮೇಲೆ ಕಂಡ ತಗ್ಗು ಆ ದಿಬ್ಬದಿಂದ ಇಳಿದುಹೋದ ನೀರಿನ ಗುರುತು. 2023ರಲ್ಲಿ ಪತ್ರಿಕೆಗಳೆಲ್ಲ ಇದನ್ನು ‘ಗುರುತ್ವದ ಕುಳಿ’ ಎಂದು ಕರೆದವು. ಆ ಹೆಸರು ನನಗೆ ಒಪ್ಪಿಗೆಯಿಲ್ಲ. ಓದಿದವರು ಗುರುತ್ವವೇ ಅಲ್ಲಿ ಕೈಕೊಟ್ಟಿದೆ ಎಂದು ತಿಳಿಯುತ್ತಾರೆ. ಅಲ್ಲಿ ಗುರುತ್ವ ಬಲ ತಗ್ಗಿರುವುದು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅರವತ್ತು ಕಿಲೋ ತೂಗುವವರಿಗೆ ಆರು ಗ್ರಾಮಿನಷ್ಟೂ ವ್ಯತ್ಯಾಸ ಬಾರದು. ಭೂಮಧ್ಯರೇಖೆಯಿಂದ ಧ್ರುವಕ್ಕೆ ಹೋದರೆ ಮುನ್ನೂರು ಗ್ರಾಂ ಏರುತ್ತದೆ!

ಜಾವಾ ದ್ವೀಪದ ದಕ್ಷಿಣದ ಕಡಲ ಕಂದಕದ ಮೇಲಂತೂ ಬಲದ ಇಳಿಕೆ ಇದಕ್ಕಿಂತ ಜೋರು, ಆದರೂ ಕಡಲು ಅಲ್ಲಿ ಇಷ್ಟು ಕುಸಿದಿಲ್ಲ. ಕಂದಕ ಕಿರಿದು, ಇಳಿಜಾರು ಕಡಿದಾದರೂ ದೂರ ಸಾಗದು. ಹಿಂದೂ ಮಹಾಸಾಗರದ ತಗ್ಗು ಸುಮಾರು 30 ಲಕ್ಷ ಚದರ ಕಿಲೋಮೀಟರ್ ಹರಡಿದೆ. ಅತಿ ಸಣ್ಣ ಇಳಿಜಾರು ಸಾವಿರಾರು ಕಿಲೋಮೀಟರ್ ಕೂಡುತ್ತಾ ಹೋಗಿ ನೂರು ಮೀಟರ್ ದಾಟಿದೆ.

ಈ ತಗ್ಗನ್ನು 1948ರಲ್ಲಿ ಬೆಳಕಿಗೆ ತಂದವರು ಡಚ್ ಭೂಭೌತ ವಿಜ್ಞಾನಿ ಫೀಲಿಕ್ಸ್ ವೆನಿಂಗ್ ಮೈನೆಸ್. ಇವರ ಬಗ್ಗೆ ನನಗೆ ತುಸು ಹೆಚ್ಚೇ ಅಕ್ಕರೆ. ಎರಡು ಮೀಟರಿಗೂ ಮಿಕ್ಕಿದ ಎತ್ತರದ ಆಳು, ಅಳತೆಗೆ ಆರಿಸಿಕೊಂಡದ್ದು ನೆಟ್ಟಗೆ ನಿಲ್ಲಲೂ ಜಾಗವಿಲ್ಲದ ಜಲಾಂತರ್ಗಾಮಿ! ಬೇರೆ ದಾರಿ ಇರಲಿಲ್ಲ. ಆಗ ಗುರುತ್ವ ಅಳೆಯುತ್ತಿದ್ದದ್ದು ಲೋಲಕದಿಂದ. ಹಡಗು ಅಲೆಯ ಮೇಲೆ ಎದ್ದುಬಿದ್ದರೆ, ಆ ಕುಲುಕಾಟ ಯಾವುದು, ಗುರುತ್ವ ಯಾವುದು ಎಂದು ಲೋಲಕಕ್ಕೆ ತಿಳಿಯದು. ಹತ್ತಾರು ಮೀಟರ್ ಮುಳುಗಿದರೆ ನೀರು ಶಾಂತ. ಅಲ್ಲಿಯೂ ಉಳಿಯುವ ಅಲುಗಾಟಕ್ಕೆ ಅವರ ಬಳಿ ಉಪಾಯವಿತ್ತು: ಒಂದೇ ಚೌಕಟ್ಟಿನಲ್ಲಿ ಹಲವು ಲೋಲಕ ತೂಗಿಬಿಟ್ಟು, ಜೋಡಿ ಲೋಲಕಗಳ ತೂಗಾಟದ ಅಂತರವನ್ನು ಫೋಟೊ ಕಾಗದದ ಮೇಲೆ ಮೂಡಿಸಿ, ಚೌಕಟ್ಟಿನ ಅಡ್ಡ ಅಲುಗಾಟ ಲೆಕ್ಕದಿಂದ ಕಳೆದುಹೋಗುವಂತೆ ಮಾಡಿದ್ದರು. 1923ರಲ್ಲಿ ಶುರುವಾದ ಈ ಯಾನಗಳು 1934–35ರಲ್ಲಿ ಹಾಲೆಂಡಿನಿಂದ ಜಾವಾದ ಸುರಬಾಯದವರೆಗೆ ಸಾಗಿದವು.

ಅವರು ಅಳೆದದ್ದು ಬಲವನ್ನು, ಅಂದರೆ ಇಳಿಜಾರನ್ನು. ಇಳಿಜಾರು ಗೊತ್ತಿದ್ದರೆ ಕೂಡುತ್ತಾ ಹೋಗಿ ಎತ್ತರ ಪಡೆಯಬಹುದು. ಅದಕ್ಕೆ ಬೇಕಾದ ಗಣಿತವನ್ನು ಗಣಿತಜ್ಞ ಸ್ಟೋಕ್ಸ್ 1849ರಲ್ಲೇ ಕೊಟ್ಟಿದ್ದರು. 2009ರಿಂದ 2013ರವರೆಗೆ ಹಾರಿದ ಯುರೋಪಿನ ಗೋಚೆ ಉಪಗ್ರಹ ಇನ್ನೊಂದು ಹೆಜ್ಜೆ ಮುಂದಿಟ್ಟು, ಬಲವೇ ಜಾಗದಿಂದ ಜಾಗಕ್ಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಅಳೆಯಿತು.

ದ್ರವ್ಯ ಕೊರತೆ ಏಕೆ ಎಂಬುದಕ್ಕೆ 2023ರಲ್ಲಿ ಉತ್ತರ ಕೊಟ್ಟವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯೀ ಘೋಷ್. ಭೂಮಿಯ ಒಳಪದರವಾದ ಮ್ಯಾಂಟಲಿನ ಕಳೆದ 14 ಕೋಟಿ ವರ್ಷಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡಿದ್ದಾರೆ. ಮ್ಯಾಂಟಲಿನೊಳಕ್ಕೆ ಮುಳುಗಿದ ಪುರಾತನ ಟೆಥಿಸ್ ಸಾಗರದ ತಳ ಆಫ್ರಿಕಾದಡಿಯ ಬಿಸಿ ರಾಶಿಯನ್ನು ಕದಡಿತು, ಅಲ್ಲಿಂದೆದ್ದ ಹಗುರ ಬಿಸಿ ದ್ರವ್ಯ ಈ ತಗ್ಗಿನ ಸುತ್ತಮುತ್ತ ಸೇರಿತು, ಸುಮಾರು 2 ಕೋಟಿ ವರ್ಷದ ಹಿಂದೆ ಈಗಿನ ರೂಪ ಬಂತು ಎನ್ನುತ್ತದೆ ಅವರ ಲೆಕ್ಕ. ನನಗಿದು ಬಹಳ ಹಿಡಿಸಿದೆ. ಆದರೆ ಹೊರಗಿನ ಗುರುತ್ವವನ್ನು ಎಷ್ಟೇ ನಿಖರವಾಗಿ ಅಳೆದರೂ ಒಳಗಿನ ದ್ರವ್ಯದ ಹಂಚಿಕೆ ಇಂಥದ್ದೇ ಎಂದು ಅದು ಸಾಧಿಸದು. ಬೇರೆ ಬೇರೆ ಹಂಚಿಕೆಗಳು ಹೊರಗೆ ಒಂದೇ ಬಲವನ್ನು ತೋರಬಲ್ಲವು. ಬಿಸಿ ದ್ರವ್ಯ ನಿಜಕ್ಕೂ ಅಲ್ಲಿದೆಯೇ ಎಂದು ತಿಳಿಯಲು ಭೂಕಂಪದ ಅಲೆಗಳೇ ಬೇಕು. ಬಿಸಿ ಶಿಲೆಯಲ್ಲಿ ಅವು ನಿಧಾನವಾಗಿ ಸಾಗುತ್ತವೆ.